ಉದ್ದಗಾಲು ಕಂಡ ಕೂಡಲೇ ಕೊಕ್ಕರೆ ಅನ್ನಬೇಡಿ: ಒಂದೆರಡು ಮೂಳೆಯಿಂದ ಪುರಾತನ ನೀರುಹಕ್ಕಿ ಗುರುತಿಸುವ ಸಮಗ್ರ ಮಾರ್ಗದರ್ಶಿ

ಒಂದು ಮುರಿದ ಕಾಲುಮೂಳೆ. ಉದ್ದ, ತೆಳ್ಳಗೆ, ಒಳಗೆ ಪೊಳ್ಳು. ಜೊತೆಗೆ ಒಂದು ಪ್ರಶ್ನೆ: "ಇದು ಕೊಕ್ಕರೆ ತಾನೇ?" ಇಂಥ ಫೋಟೋ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಕಳಿಸಿದವರು ಶ್ರದ್ಧೆಯಿಂದಲೇ ಕೆಲಸ ಮಾಡಿರುತ್ತಾರೆ. ಮೊದಲು ಉದ್ದ ಅಳೆದಿರುತ್ತಾರೆ, ಆಮೇಲೆ ಈಗಿನ ಹಕ್ಕಿಗಳ ಚಿತ್ರದ ಪಕ್ಕ ಇಟ್ಟು ನೋಡಿರುತ್ತಾರೆ, ಕೊನೆಗೆ ಹೆಸರು ಕೊಟ್ಟಿರುತ್ತಾರೆ. ಈ ಕ್ರಮವೇ ಉಲ್ಟಾ. ಅಳತೆ ಹೆಚ್ಚುಕಮ್ಮಿ ಕೊನೆಗೆ ಬರಬೇಕಾದದ್ದು.

ಕಾಲಿನ ಉದ್ದ ನೋಡಿ ಹಕ್ಕಿ ಹೇಗೆ ಬದುಕುತ್ತಿತ್ತು ಎಂದು ಊಹಿಸಬಹುದು. ಅದರ ನೆಂಟರು ಯಾರು ಎಂದು ಹೇಳಲಾಗದು. ನೀರಿನಲ್ಲಿ ನಡೆದು ಮೇಯುವ ಬದುಕು ಹಲವು ಗುಂಪುಗಳಲ್ಲಿ ಬೇರೆ ಬೇರೆಯಾಗಿ ಬಂದಿದೆ. ಪ್ರತಿ ಸಲವೂ ಕಾಲು ಉದ್ದವಾಗಿದೆ.

ಶುರು ಮಾಡುವ ಮೊದಲು ಹೆಸರುಗಳ ಗೊಂದಲ ಬಗೆಹರಿಸಿಕೊಳ್ಳೋಣ. ಕನ್ನಡದ ಆಡುಮಾತಿನಲ್ಲಿ ಬೆಳ್ಳಕ್ಕಿಯೂ ಕೊಕ್ಕರೆ, ಸಾರಸವೂ ಕೊಕ್ಕರೆ, ಬಾಯ್ಕಳಕವೂ ಕೊಕ್ಕರೆ. ಮೂಳೆಯ ಲೆಕ್ಕದಲ್ಲಿ ಇವು ಮೂರು ಬೇರೆ ಬೇರೆ ಮನೆ. ಈ ಬರಹದಲ್ಲಿ ಬೆಳ್ಳಕ್ಕಿ ಮತ್ತು ಅದರ ಬಳಗಕ್ಕೆ "ಬಕ" ಎನ್ನುತ್ತೇನೆ. ಬಾಯ್ಕಳಕ, ಬಣ್ಣದ ಕೊಕ್ಕರೆಗಳ ಬಳಗ ಮಾತ್ರ "ಕೊಕ್ಕರೆ". ಸಾರಸ, ಕೆಂಬರಲು (ಐಬಿಸ್), ರಾಜಹಂಸ ಬೇರೆ ಬೇರೆ. ಗದ್ದೆಗೊರವ, ಉಲ್ಲಂಗಿ, ಮೆಟ್ಟುಗಾಲು ಹಕ್ಕಿಗಳೆಲ್ಲ ಸೇರಿ "ದಡದ ಹಕ್ಕಿಗಳು". ರಾಜಹಂಸ ಅಂದರೆ ಇಲ್ಲಿ ಬಾಗಿದ ಕೊಕ್ಕಿನ ಗುಲಾಬಿ ಹಕ್ಕಿ, ಕಾವ್ಯದ ಹಂಸ ಅಲ್ಲ.

## ಬೇಕಾದ ಸಲಕರಣೆ

- ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಮಸೂರ. ಎರಡು ಕಣ್ಣಿನ ಸ್ಟೀರಿಯೋ ಮೈಕ್ರೋಸ್ಕೋಪ್ ಸಿಕ್ಕರೆ ಇನ್ನೂ ಒಳ್ಳೆಯದು.
- ವರ್ನಿಯರ್ ಅಥವಾ ಡಿಜಿಟಲ್ ಕ್ಯಾಲಿಪರ್.
- ಪಕ್ಕದಿಂದ ಬೆಳಕು ಬಿಡಲು ಸಣ್ಣ ಟಾರ್ಚ್. ಇದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅರ್ಧ ಕೆಲಸ ಮಾಡುವುದು ಇದೇ.
- ಮೆತ್ತನೆ ಬ್ರಶ್, ಬಿದಿರಿನ ಕಡ್ಡಿ, 0.5ರಿಂದ 1 ಮಿಲಿಮೀಟರ್ ಕಣ್ಣಿನ ಜರಡಿ.
- ಪ್ಯಾರಲಾಯ್ಡ್ ಬಿ-72 ಎಂಬ ಅಂಟು ಮತ್ತು ಅದನ್ನು ಕರಗಿಸಲು ಅಸಿಟೋನ್.
- ಮೂಳೆ ನಿಲ್ಲಿಸಲು ಒಂದು ಡಬ್ಬಿ ನಯವಾದ ಮರಳು.
- ಹೋಲಿಸಲು ಈಗಿನ ಹಕ್ಕಿಗಳ ಅಸ್ಥಿಪಂಜರ. ಮ್ಯೂಸಿಯಂ ಸಂಗ್ರಹಕ್ಕೆ ಹೋಗಲು ಆಗದಿದ್ದರೆ ಅಂತರ್ಜಾಲದ ಮೂರು ಆಯಾಮದ ಸ್ಕ್ಯಾನ್‌ಗಳು. ಮಾರ್ಫೋಸೋರ್ಸ್‌ನಂಥ ಭಂಡಾರಗಳಲ್ಲಿ ಹಕ್ಕಿ ಮೂಳೆಗಳ ಸ್ಕ್ಯಾನ್‌ಗಳಿವೆ.

ಸೂಪರ್ ಗ್ಲೂ ಬಗೆಯ ಅಂಟನ್ನು ಪಟ್ಟಿಯಲ್ಲಿ ಹಾಕಿಲ್ಲ, ಬೇಕಂತಲೇ. ಅದು ಕೀಲಿನ ಸಂದುಗಳಿಗೆ ಇಳಿದು ಗಟ್ಟಿಯಾದರೆ ನಾವು ನೋಡಬೇಕಾದ ತೂತು, ಗೀರು ಎಲ್ಲ ಮುಚ್ಚಿಹೋಗುತ್ತವೆ. ಪ್ಯಾರಲಾಯ್ಡ್ ಹಾಗಲ್ಲ, ಅಸಿಟೋನ್ ಹಚ್ಚಿ ಮತ್ತೆ ತೆಗೆಯಬಹುದು. ಅಸಿಟೋನ್ ಬಳಸುವಾಗ ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಬೇಡ.

## ಹಂತ 1: ಎತ್ತುವ ಮೊದಲು

ಅಗೆಯಲು, ಎತ್ತಲು ಅನುಮತಿ ಇದೆಯೇ ನೋಡಿಕೊಳ್ಳಿ. ಆಮೇಲೆ ಮೂಳೆ ಇದ್ದಲ್ಲೇ ಫೋಟೋ, ಯಾವ ಪದರ, ಎಷ್ಟು ಆಳ, ಯಾವ ದಿಕ್ಕಿಗೆ ಮಲಗಿದೆ, ಪಕ್ಕದಲ್ಲಿ ಏನಿತ್ತು, ಎಲ್ಲ ಬರೆದಿಡಿ. ಪದರ ಗೊತ್ತಿಲ್ಲದ ಮೂಳೆಯಿಂದ ಹಂತ 6 ಮಾಡಲು ಆಗುವುದೇ ಇಲ್ಲ.

ಮೂಳೆ ಸಿಕ್ಕ ಜಾಗದ ಮಣ್ಣನ್ನು ಚೆಲ್ಲಬೇಡಿ. ಚೀಲಕ್ಕೆ ತುಂಬಿ ನೀರಲ್ಲಿ ಜರಡಿ ಹಿಡಿಯಿರಿ. ಮುರಿದುಬಿದ್ದ ಮೂಳೆತುದಿ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಗುರುತು ಹಿಡಿಯಲು ಬೇಕಾದದ್ದು ಆ ತುದಿಯೇ.

ಒಂದೇ ಗುಂಡಿಯಲ್ಲಿ ಸಿಕ್ಕ ಎರಡು ಮೂಳೆ ಒಂದೇ ಹಕ್ಕಿಯದು ಎಂದು ಅಂದುಕೊಳ್ಳಬೇಡಿ. ಕೀಲಿಗೆ ಕೀಲು ಹೊಂದಿಕೊಂಡೇ ಮಲಗಿದ್ದರೆ ಮಾತ್ರ ಆ ಮಾತು. ಇಲ್ಲದಿದ್ದರೆ ಪ್ರತಿ ಮೂಳೆಗೂ ಬೇರೆ ನಂಬರ್ ಕೊಡಿ. ಎರಡು ಎಡಗಾಲು ಸಿಕ್ಕರೆ ಕನಿಷ್ಠ ಎರಡು ಹಕ್ಕಿ, ಅಷ್ಟಂತೂ ಖಚಿತ.

## ಹಂತ 2: ಶುಚಿ ಮಾಡಿ, ಆರು ಕಡೆಯಿಂದ ಫೋಟೋ ತೆಗೆಯಿರಿ

ಒಣ ಬ್ರಶ್, ಬಿದಿರಿನ ಕಡ್ಡಿ. ಲೋಹದ ಸೂಜಿ ಹಿಡಿದರೆ ಹಕ್ಕಿ ಮೂಳೆಯ ತೆಳು ಗೋಡೆ ಗೀರಿಹೋಗುತ್ತದೆ. ಆ ಗೀರನ್ನು ಆಮೇಲೆ ನೀವೇ "ಲಕ್ಷಣ" ಎಂದು ಬರೆದುಕೊಳ್ಳುವ ಅಪಾಯವೂ ಇದೆ.

ಫೋಟೋ ಮುಂದಿನಿಂದ, ಹಿಂದಿನಿಂದ, ಒಳಬದಿ, ಹೊರಬದಿ, ಮೇಲಿನ ತುದಿ, ಕೆಳಗಿನ ತುದಿ. ಪ್ರತಿ ಫೋಟೋದಲ್ಲೂ ಅಳತೆ ಪಟ್ಟಿ ಇರಲಿ. ಬೆಳಕು ಮೇಲೆ ಎಡಗಡೆಯಿಂದ ಬರಲಿ. ಪಳೆಯುಳಿಕೆ ಚಿತ್ರಗಳಲ್ಲಿ ರೂಢಿ ಅದೇ. ಬೆಳಕು ಬೇರೆ ಕಡೆಯಿಂದ ಬಂದರೆ ನೋಡುವವರ ಕಣ್ಣಿಗೆ ಗುಂಡಿ ಉಬ್ಬಾಗಿ, ಉಬ್ಬು ಗುಂಡಿಯಾಗಿ ಕಾಣುತ್ತದೆ.

ಎರಡು ತುದಿಗಳ ನೇರ ಫೋಟೋವನ್ನು ಎಲ್ಲರೂ ಬಿಡುತ್ತಾರೆ. ಅವೆರಡೇ ಮುಖ್ಯ. ಮೂಳೆಯನ್ನು ಮರಳಿನ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ ತೆಗೆಯಿರಿ.

## ಹಂತ 3: ಅದು ಹಕ್ಕಿಯ ಮೂಳೆ ಹೌದಾ?

ನಗಬೇಡಿ. ನಾನು ಒಂದು ಇಡೀ ಸಂಜೆ "ಸಣ್ಣ ದಡದ ಹಕ್ಕಿ" ಎಂದು ಒದ್ದಾಡಿದ್ದು ಕೊನೆಗೆ ಕಪ್ಪೆಯ ಕಾಲಾಗಿತ್ತು. ಕಪ್ಪೆಯ ಕೆಳಗಾಲಿನ ಎರಡು ಮೂಳೆ ಬೆಸೆದು ಒಂದೇ ಪೊಳ್ಳು ಕೊಳವೆ ಆಗಿರುತ್ತದೆ. ಉದ್ದ, ತೆಳ್ಳಗೆ, ಹಗುರ. ಆದರೆ ತುದಿಯ ಕಡೆ ಉದ್ದಕ್ಕೆ ಒಂದು ಗೀರು ಇರುತ್ತದೆ. ಅಡ್ಡಕ್ಕೆ ಮುರಿದಲ್ಲಿ ನೋಡಿದರೆ ಎರಡು ಕೊಳವೆ ಅಂಟಿಕೊಂಡದ್ದು ಗೊತ್ತಾಗುತ್ತದೆ.

ಸಸ್ತನಿಯಾದರೆ ಗೋಡೆ ಸಾಮಾನ್ಯವಾಗಿ ದಪ್ಪ. ಮರಿಯದಾದರೆ ತುದಿಯ ತುಂಡು ಬೇರೆಯಾಗಿ ಕಳಚಿದ ಗುರುತು ಕಾಣುತ್ತದೆ. ಡೈನೋಸಾರ್ ಕಾಲದ ಬಂಡೆಯಾದರೆ ಟೆರೊಸಾರ್ ಎಂಬ ಹಾರುವ ಸರೀಸೃಪಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅವುಗಳ ಮೂಳೆಯೂ ಪೊಳ್ಳು, ಗೋಡೆ ತುಂಬ ತೆಳು.

ಗೋಡೆ ದಪ್ಪ ಇದ್ದ ಮಾತ್ರಕ್ಕೆ ಹಕ್ಕಿ ಅಲ್ಲ ಎನ್ನುವಂತೆಯೂ ಇಲ್ಲ. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದ ಲಿಯಾಂಗ್ ಬುವಾ ಗುಹೆಯಲ್ಲಿ ಸಿಕ್ಕ ದೈತ್ಯ ಕೊಕ್ಕರೆ ಲೆಪ್ಟೊಪ್ಟಿಲೋಸ್ ರೋಬಸ್ಟಸ್‌ನ ಕಾಲುಮೂಳೆ ಸಾಕಷ್ಟು ದಪ್ಪ ಗೋಡೆಯದು.

## ಹಂತ 4: ಯಾವ ಮೂಳೆ, ಯಾವ ತುದಿ, ಎಡವೋ ಬಲವೋ

ಹಕ್ಕಿಯ ಕಾಲಿನಲ್ಲಿ ಹಿಂದಕ್ಕೆ ಮಡಚಿದಂತೆ ಕಾಣುವ "ಮಂಡಿ" ನಿಜವಾಗಿ ಹಿಮ್ಮಡಿಯ ಕೀಲು. ನಿಜವಾದ ಮಂಡಿ ಮೇಲೆ ಗರಿಗಳೊಳಗೆ ಅಡಗಿರುತ್ತದೆ. ಹಾಗಾಗಿ ಹೊರಗೆ ಕಾಣುವ ಉದ್ದಗಾಲಿನಲ್ಲಿ ಎರಡು ಮೂಳೆ. ಮೇಲಿನದು ಟಿಬಿಯೋಟಾರ್ಸಸ್, ಅದನ್ನು ಕಣಕಾಲು ಮೂಳೆ ಎನ್ನೋಣ. ಕೆಳಗಿನದು ಟಾರ್ಸೋಮೆಟಾಟಾರ್ಸಸ್, ಪಾದಮೂಳೆ ಎನ್ನೋಣ. ತೊಡೆಮೂಳೆ ಗಿಡ್ಡ, ಮೈಯೊಳಗೇ ಇರುತ್ತದೆ.

ಪಾದಮೂಳೆ. ಮೂರು ಮೂಳೆ ಬೆಸೆದು ಒಂದಾದದ್ದು. ಕೆಳತುದಿಯಲ್ಲಿ ಬೆರಳುಗಳು ಕೂರುವ ಮೂರು ರಾಟೆಗಳಿರುತ್ತವೆ, ಬಾವಿಯ ರಾಟೆಯ ಹಾಗೇ ನಡುವೆ ತೋಡು ಬಿದ್ದವು. ಒಳ ರಾಟೆ, ನಡು ರಾಟೆ, ಹೊರ ರಾಟೆ. ಮೇಲ್ತುದಿಯ ಹಿಂಭಾಗದಲ್ಲಿ ಹೈಪೋಟಾರ್ಸಸ್ ಎಂಬ ಉಬ್ಬು.

ಕಣಕಾಲು ಮೂಳೆ. ಕೆಳತುದಿಯಲ್ಲಿ ಎರಡು ದುಂಡನೆಯ ಉಬ್ಬು, ಅವುಗಳ ಮೇಲೆ ಮುಂಭಾಗದಲ್ಲಿ ಒಂದು ಪುಟ್ಟ ಮೂಳೆಯ ಸೇತುವೆ. ಮೂಳೆಯ ಮೈಯ ಮೇಲ್ಭಾಗದ ಹೊರಬದಿಯಲ್ಲಿ ಇನ್ನೊಂದು ಸಣ್ಣ ಮೂಳೆ ಅಂಟುವ ಏಣು.

ಎಡ ಬಲ ಹೇಳುವುದು ಪಾದಮೂಳೆಯಲ್ಲಿ ಸುಲಭ. ಹಕ್ಕಿ ನಿಮ್ಮತ್ತ ಮುಖ ಮಾಡಿ ನಿಂತಿದೆ ಎಂದುಕೊಳ್ಳಿ. ಮೂಳೆಯ ಮುಂಭಾಗ ನಿಮ್ಮ ಕಡೆ, ರಾಟೆಗಳು ಕೆಳಗೆ. ರಾಟೆಗಳ ಸ್ವಲ್ಪ ಮೇಲೆ ರಕ್ತನಾಳದ ಒಂದು ತೂತು ಇರುತ್ತದೆ. ಅದು ನಡು ರಾಟೆ ಮತ್ತು ಹೊರ ರಾಟೆಯ ನಡುವೆ ಬರುತ್ತದೆ. ತೂತು ನಿಮ್ಮ ಬಲಗಡೆಗೆ ಇದ್ದರೆ ಎಡಗಾಲು, ಎಡಗಡೆಗೆ ಇದ್ದರೆ ಬಲಗಾಲು.

ಹಿಂದುಮುಂದು ತಿಳಿಯದಿದ್ದರೆ ತುದಿಯಿಂದ ನೋಡಿ. ಮೂರು ರಾಟೆಗಳು ಬಿಲ್ಲಿನ ಹಾಗೆ ಬಾಗಿ ನಿಂತಿರುತ್ತವೆ. ಬಿಲ್ಲಿನ ಉಬ್ಬು ಮುಂದಕ್ಕೆ, ತಗ್ಗು ಹಿಂದಕ್ಕೆ.

ಇಲ್ಲಿ ತಪ್ಪಿದರೆ ಒಳ ರಾಟೆಯನ್ನು ಹೊರ ರಾಟೆ ಎಂದುಕೊಂಡು ಮುಂದಿನದನ್ನೆಲ್ಲ ತಲೆಕೆಳಗಾಗಿ ಓದುತ್ತೀರಿ. ನನಗೆ ಬರುವ ತಪ್ಪುಗಳಲ್ಲಿ ಜಾಸ್ತಿ ಪಾಲು ಇದರದೇ. ಎಡ ಬಲ ಖಾತ್ರಿ ಆಗುವ ತನಕ ಹಂತ 5ಕ್ಕೆ ಹೋಗಲೇಬೇಡಿ.

ತುದಿಗಳೇ ಇಲ್ಲದ ಬರೀ ನಡುವಿನ ಕೊಳವೆ ಮಾತ್ರ ಸಿಕ್ಕಿದ್ದರೆ? "ಹಕ್ಕಿ, ಕಾಲುಮೂಳೆಯ ನಡುಭಾಗ" ಎಂದು ಬರೆದು ಡಬ್ಬಿ ಮುಚ್ಚಿ. ಬೇಜಾರಾಗುತ್ತದೆ, ಗೊತ್ತು. ಆದರೂ ಅಷ್ಟೇ.

## ಹಂತ 5: ಮರಿಯೋ, ಸವೆದದ್ದೋ, ಜಜ್ಜಿದ್ದೋ

ಮೇಲ್ಮೈಯನ್ನು ಮಸೂರದಲ್ಲಿ ನೋಡಿ. ಸಣ್ಣ ಸಣ್ಣ ರಂಧ್ರಗಳಿಂದ ಒರಟಾಗಿದ್ದು, ತುದಿಗಳ ಅಂಚು ಮಂಕಾಗಿದ್ದರೆ ಅದು ಬೆಳೆಯುತ್ತಿದ್ದ ಮರಿ. ಮರಿಯ ಪಾದಮೂಳೆಯಲ್ಲಿ ಮೂರು ಮೂಳೆ ಬೆಸೆದ ಗೆರೆ ಇನ್ನೂ ಕಾಣುತ್ತದೆ. ಮೇಲ್ತುದಿಯ ಟೋಪಿ ಕಳಚಿಹೋಗಿರುವುದೂ ಉಂಟು. ಇಂಥ ಮೂಳೆಯ ಅಳತೆಯನ್ನು ದೊಡ್ಡ ಹಕ್ಕಿಯ ಜೊತೆ ಹೋಲಿಸಿದರೆ ಸುಮ್ನೆ ಒಂದು "ಹೊಸ ಕುಳ್ಳ ಜಾತಿ" ಹುಟ್ಟಿಬಿಡುತ್ತದೆ.

ನೀರಲ್ಲಿ ಉರುಳಿ ಬಂದ ಮೂಳೆಯ ಎಲ್ಲ ಅಂಚುಗಳೂ ಒಂದೇ ಸಮ ನುಣುಪಾಗಿರುತ್ತವೆ. ಆಗ "ಏಣು ಚಿಕ್ಕದು", "ಉಬ್ಬು ಕಡಿಮೆ" ಎಂಬ ಮಾತಿಗೆ ಬೆಲೆ ಇಲ್ಲ.

ಚಪ್ಪಟೆಯಾದವು ಇನ್ನೊಂದು ತಲೆನೋವು. ಜರ್ಮನಿಯ ಮೆಸೆಲ್ ಗಣಿಯಲ್ಲಿ ಸುಮಾರು 4.8 ಕೋಟಿ ವರ್ಷ ಹಳೆಯ ಹಕ್ಕಿಗಳು ಗರಿ ಸಮೇತ ಸಿಗುತ್ತವೆ, ಆದರೆ ಹಪ್ಪಳದ ಹಾಗೆ ಒತ್ತಿಹೋಗಿರುತ್ತವೆ. ಅಲ್ಲಿ ಮೂಳೆಯ ಉದ್ದ ನಂಬಬಹುದು, ಅಗಲ ನಂಬುವಂತಿಲ್ಲ.

ಪ್ರತಿ ತುದಿಗೂ ಒಂದು ಚಿತ್ರ ಬರೆದು, ಮುರಿದ ಜಾಗಕ್ಕೆ ಕೆಂಪು ಬಣ್ಣ ಹಚ್ಚಿ. ಕೆಂಪು ಇರುವ ಕಡೆಯ ಯಾವ ಲಕ್ಷಣವನ್ನೂ ಮುಂದೆ ಬಳಸಬಾರದು. "ಇಲ್ಲ" ಎನ್ನುವುದು ಬೇರೆ, "ಮುರಿದುಹೋಗಿದೆ" ಎನ್ನುವುದು ಬೇರೆ. ಕಣಕಾಲು ಮೂಳೆಯ ಸೇತುವೆಯನ್ನೇ ತೆಗೆದುಕೊಳ್ಳಿ. ಅದು ಹುಟ್ಟಿನಿಂದಲೇ ಮೂಳೆಯಾಗಿ ಬೆಳೆಯದ ಹಕ್ಕಿಗಳಿವೆ, ಗೂಬೆಗಳ ಹಾಗೆ. ಆದರೆ ಮುರಿದಿದ್ದರೆ ಎರಡು ಬದಿಯಲ್ಲೂ ಮೊಂಡು ಉಳಿದಿರುತ್ತದೆ. ಟಾರ್ಚನ್ನು ಪಕ್ಕಕ್ಕೆ ಹಿಡಿದರೆ ಮೊಂಡು ನೆರಳು ಬೀಳಿಸುತ್ತದೆ.

## ಹಂತ 6: ಬಂಡೆಯ ವಯಸ್ಸಿನಿಂದ ಪಟ್ಟಿ ಕಿರಿದು ಮಾಡಿ

ಬಂಡೆ 6.6 ಕೋಟಿ ವರ್ಷಕ್ಕಿಂತ ಹಳೆಯದಾದರೆ ಇಂದಿನ ಬಕ, ಕೊಕ್ಕರೆಗಳ ಪಟ್ಟಿ ಪಕ್ಕಕ್ಕಿಡಿ. ಆಗ ಎನ್ಯಾಂಟಿಆರ್ನಿಥೀಸ್ ಎಂಬ ಬೇರೆಯದೇ ಹಕ್ಕಿಗುಂಪು ಇತ್ತು, ಡೈನೋಸಾರ್‌ಗಳ ಜೊತೆಗೇ ಅಳಿದುಹೋಯಿತು. ಅವುಗಳಲ್ಲೂ ಉದ್ದಗಾಲಿನವು ಇದ್ದವು. ಅರ್ಜೆಂಟೀನಾದ ಲೆಕ್ಟಾವಿಸ್ ಅಂಥದ್ದು. ಅದನ್ನು ವಿವರಿಸಿದ್ದು ಕಾಲಿನ ಮೂಳೆಗಳಿಂದಲೇ. ಗುರುತು ಹಿಡಿಯುವುದು ಹೀಗೆ: ಈಗಿನ ಹಕ್ಕಿಗಳ ಪಾದಮೂಳೆಯ ಮೂರು ಭಾಗ ಮೇಲಿನಿಂದ ಕೆಳಗಿನ ತನಕ ಬೆಸೆದಿರುತ್ತವೆ. ಎನ್ಯಾಂಟಿಆರ್ನಿಥೀಸ್‌ಗಳಲ್ಲಿ ಮೇಲ್ತುದಿಯಲ್ಲಿ ಮಾತ್ರ ಬೆಸುಗೆ, ಹೊರಗಿನ ಮೂಳೆ ಉಳಿದೆರಡಕ್ಕಿಂತ ಸಣಕಲು.

ಅದಕ್ಕಿಂತ ಹೊಸ ಬಂಡೆಯಾದರೂ ಎಚ್ಚರ ಬೇಕು. 4-5 ಕೋಟಿ ವರ್ಷ ಹಳೆಯ ಹಕ್ಕಿ ಇಂದಿನ ಯಾವ ಕುಟುಂಬದೊಳಗೂ ಸರಿಯಾಗಿ ಕೂರದೇ ಇರಬಹುದು. ಆ ವಯಸ್ಸಿನ ಮೂಳೆಗೆ ಇಂದಿನ ಕುಲದ ಹೆಸರು ಕೊಡುವ ಮನಸ್ಸಾದರೆ ಒಂದು ಲೋಟ ನೀರು ಕುಡಿದು ಮತ್ತೆ ಯೋಚಿಸಿ.

## ಹಂತ 7: ಪಾದಮೂಳೆಯನ್ನು ಓದುವುದು

ಈಗ ನಿಜವಾದ ಕೆಲಸ. ಮೂರು ಜಾಗ, ಇದೇ ಕ್ರಮದಲ್ಲಿ.

ಮೊದಲು ರಾಟೆಗಳು. ಮುಂದಿನಿಂದ ನೋಡಿ, ಮೂರೂ ಒಂದೇ ಮಟ್ಟಕ್ಕೆ ಇಳಿದಿವೆಯೇ? ಬಕಗಳಲ್ಲಿ ಹೆಚ್ಚುಕಮ್ಮಿ ಒಂದೇ ಮಟ್ಟ. ಕೊಕ್ಕರೆಗಳಲ್ಲಿ ನಡು ರಾಟೆ ಸ್ವಲ್ಪ ಕೆಳಗೆ, ಎರಡು ಬದಿಯವು ಅದಕ್ಕಿಂತ ಒಂದಿಷ್ಟು ಮೇಲೆ. ಸಾರಸ, ರಾಜಹಂಸ ಮತ್ತು ದಡದ ಹಕ್ಕಿಗಳಲ್ಲಿ ಒಳ ರಾಟೆ ಎದ್ದುಕಾಣುವಷ್ಟು ಮೇಲಕ್ಕೆ ಹೋಗಿ, ಹಿಂದಕ್ಕೂ ತಿರುಗಿರುತ್ತದೆ. ಹಿಂದಕ್ಕೆ ಎಷ್ಟು ತಿರುಗಿದೆ ಎಂಬುದು ಮುಂದಿನ ಫೋಟೋದಲ್ಲಿ ಗೊತ್ತಾಗುವುದಿಲ್ಲ. ಹಂತ 2ರಲ್ಲಿ ತುದಿಯ ಫೋಟೋಗೆ ಹಠ ಹಿಡಿದದ್ದು ಇದಕ್ಕೇ.

ಇಷ್ಟಕ್ಕೇ ಹೆಸರು ಕೊಡಬೇಡಿ. ಒಳ ರಾಟೆ ಮೇಲೆ ಹೋದ ಹಕ್ಕಿಗಳ ಸಾಲಿನಲ್ಲಿ ಒಬ್ಬ ಆಸಾಮಿ ಇದ್ದಾನೆ, ಪ್ರೆಸ್ಬಿಯಾರ್ನಿಸ್. ಅಮೆರಿಕದ ಗ್ರೀನ್ ರಿವರ್ ಶಿಲಾಸ್ತರದಲ್ಲಿ ಸಿಕ್ಕ ಅದರ ಮೂಳೆಗೆ 1926ರಲ್ಲಿ ಪಕ್ಷಿವಿಜ್ಞಾನಿ ಅಲೆಕ್ಸಾಂಡರ್ ವೆಟ್‌ಮೋರ್ ಹೆಸರಿಟ್ಟರು. ದಡದ ಹಕ್ಕಿಗಳ ನೆಂಟ ಎಂದು ಎಣಿಸಿದರು. ಆಮೇಲೆ ಕೆಲವರು ರಾಜಹಂಸದ ಕಡೆ ಎಳೆದರು. ಕೊನೆಗೆ ತಲೆಬುರುಡೆ ಸಿಕ್ಕಿತು, ನೋಡಿದರೆ ಬಾತುಕೋಳಿಯ ಕೊಕ್ಕು! ಉದ್ದಗಾಲಿನ ಬಾತುಕೋಳಿ ಬಳಗ. ಪರಿಣತರೇ ಇಷ್ಟು ಸುತ್ತು ಹೊಡೆದ ಮೇಲೆ ನಮ್ಮ ಒಂದು ರಾಟೆಯ ತೀರ್ಮಾನ ಎಷ್ಟರದು, ಅಲ್ವಾ?

ಎರಡನೆಯದು ಹೈಪೋಟಾರ್ಸಸ್. ಬೆರಳು ಮಡಚುವ ಟೆಂಡನ್‌ಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು) ಈ ಉಬ್ಬಿನ ಮೇಲೆ ಹಾದು ಕೆಳಗೆ ಹೋಗುತ್ತವೆ. ಕೆಲವು ಹಕ್ಕಿಗಳಲ್ಲಿ ಅವು ತೆರೆದ ಕಾಲುವೆಯಲ್ಲಿ, ಕೆಲವುಗಳಲ್ಲಿ ಮೂಳೆಯಿಂದ ಮುಚ್ಚಿದ ಸುರಂಗದಲ್ಲಿ ಹೋಗುತ್ತವೆ. ಕೊಕ್ಕರೆಗಳಲ್ಲಿ ಸರಳ: ಎರಡು ಏಣು, ನಡುವೆ ಅಗಲದ ತೆರೆದ ಕಾಲುವೆ. ಬಕಗಳಲ್ಲಿ ಮುಚ್ಚಿದ ಸುರಂಗಗಳಿವೆ. ಮೇಲ್ತುದಿಯಿಂದ ನೇರ ನೋಡಿದರೆ ತೂತುಗಳ ಹಾಗೆ ಕಾಣುತ್ತವೆ.

ಬೇರೆ ಬಳಗಗಳಿಗೆ ನಾನು ಇಲ್ಲಿ ಸೂತ್ರ ಕೊಡುವುದಿಲ್ಲ. ಅಸ್ಥಿಪಂಜರ ಎದುರಿಟ್ಟು ಎಷ್ಟು ಏಣು, ಎಷ್ಟು ಕಾಲುವೆ, ಯಾವುದು ಮುಚ್ಚಿದೆ ಎಂದು ಚಿತ್ರ ಬರೆದುಕೊಳ್ಳಿ. ಕೈಯಲ್ಲಿ ಬರೆದ ಚಿತ್ರ ಫೋಟೋಗಿಂತ ಹೆಚ್ಚು ಕಲಿಸುತ್ತದೆ.

ಇಲ್ಲಿನ ದೊಡ್ಡ ಮೋಸ ಎಂದರೆ ಸುರಂಗದ ತೆಳು ಛಾವಣಿ ಒಡೆದುಹೋದರೆ ಅದು ತೆರೆದ ಕಾಲುವೆಯಂತೆ ಕಾಣುವುದು. ಬಕ ಕೊಕ್ಕರೆಯಾಗುವುದು ಹೀಗೇ. ಕಾಲುವೆಯ ಎರಡೂ ದಡ ನುಣುಪಾಗಿದೆಯೇ, ಚೂಪಾಗಿ ಮುರಿದಿದೆಯೇ ಮಸೂರದಲ್ಲಿ ನೋಡಿ. ಒಳಗೆ ಕಲ್ಲುಮಣ್ಣು ತುಂಬಿದ ಸುರಂಗವೂ ಇಲ್ಲವೇ ಇಲ್ಲವೇನೋ ಎಂಬಂತೆ ಕಾಣಬಹುದು. ಸಿ.ಟಿ. ಸ್ಕ್ಯಾನ್ ಸಿಕ್ಕರೆ ಈ ಅನುಮಾನ ಅಲ್ಲಿಗೇ ಮುಗಿಯುತ್ತದೆ.

ಮೂರನೆಯದು ಹಿಂಬೆರಳಿನ ಗುರುತು. ಪಾದಮೂಳೆಯ ಹಿಂದೆ, ಒಳಬದಿಯ ಕೆಳಭಾಗದಲ್ಲಿ ಹಿಂಬೆರಳಿನ ಮೂಳೆ ಅಂಟುವ ತಗ್ಗು ಇರುತ್ತದೆ. ಬಕಗಳ ಹಿಂಬೆರಳು ಉದ್ದ, ಮುಂದಿನ ಬೆರಳುಗಳ ಮಟ್ಟದಲ್ಲೇ ನೆಲಕ್ಕೆ ಊರುತ್ತದೆ. ಕೊಂಬೆ ಹಿಡಿಯಲು ಬೇಕಲ್ಲ. ಸಾರಸದ ಹಿಂಬೆರಳು ಚಿಕ್ಕದು, ಮೇಲೆ ಏರಿ ಕೂತದ್ದು. ರಾಜಹಂಸಗಳಲ್ಲಿ ಕೆಲವಕ್ಕೆ ತುಂಬ ಚಿಕ್ಕದು, ಕೆಲವಕ್ಕೆ ಇಲ್ಲವೇ ಇಲ್ಲ. ಈ ತಗ್ಗು ಬಹಳ ನಯ. ಟಾರ್ಚನ್ನು ಮೂಳೆಗೆ ತಾಗುವಷ್ಟು ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ.

ಮೂಳೆಯ ಮೈಯನ್ನೂ ಒಮ್ಮೆ ಅಡ್ಡಕ್ಕೆ ನೋಡಿ. ಎರಡೂ ಬದಿಯಿಂದ ಒತ್ತಿ ಕಿರಿದಾದಂತಿದ್ದರೆ ಈಜುವ ಹಕ್ಕಿಯ ನೆನಪು ಮಾಡಿಕೊಳ್ಳಿ. ಫ್ರಾನ್ಸಿನ ಸೇಂಟ್-ಜೆರಾಂಡ್-ಲೆ-ಪುಯ್‌ನಲ್ಲಿ ಹೇರಳವಾಗಿ ಸಿಕ್ಕ ಪೆಲೆಲೋಡಸ್ ರಾಜಹಂಸಗಳ ಹಳೆಯ ನೆಂಟ. ಅದರ ಪಾದಮೂಳೆ ಹೀಗೇ ಕಿರಿದು. ಇಂದಿನ ರಾಜಹಂಸಕ್ಕೆ ತೀರ ಹತ್ತಿರದ ಜೀವಂತ ನೆಂಟ ಗುಳುಮುಳುಕ ಬಳಗ ಎಂದು ಡಿಎನ್‌ಎ ಹೇಳುತ್ತದೆ. ಒಂದು ಕೋಲುಗಾಲಿನ ಹಕ್ಕಿ, ಇನ್ನೊಂದು ಗಿಡ್ಡಗಾಲಿನ ಮುಳುಗುಹಕ್ಕಿ!

## ಹಂತ 8: ಕಾಲಲ್ಲದೆ ಬೇರೆ ಮೂಳೆ ಸಿಕ್ಕಿದ್ದರೆ

ಸಿಕ್ಕಿದ್ದರೆ ಅದೃಷ್ಟ. ಎಲ್ಲವನ್ನೂ ವಿವರಿಸಲು ಇಲ್ಲಿ ಜಾಗವಿಲ್ಲ, ಹೆಚ್ಚು ಕೈಹಿಡಿಯುವ ಕೆಲವು ಮಾತ್ರ ಹೇಳುತ್ತೇನೆ.

ಕತ್ತಿನ ಮೂಳೆ ಸಿಕ್ಕರೆ ಬಕವನ್ನು ಮೊದಲು ನೆನೆಯಿರಿ. ಬಕದ ಕತ್ತು ಎಸ್ ಆಕಾರದಲ್ಲಿ ಮಡಚಿ ಚಿಮ್ಮುತ್ತದೆ. ಅದಕ್ಕಾಗಿ ಆರನೇ ಕತ್ತುಮೂಳೆ ಉದ್ದವಾಗಿ ಬದಲಾಗಿದೆ. ಎದೆಮೂಳೆಗೆ ಆನಿಸುವ ಕೊರಕಾಯ್ಡ್ ಮೂಳೆಗಳ ಬುಡ ಬಕಗಳಲ್ಲಿ ಒಂದರ ಮೇಲೊಂದು ಬರುತ್ತದೆ, ಎದೆಮೂಳೆಯ ಮೇಲೆ ಅದರ ಗುರುತು ಇರುತ್ತದೆ.

ಸಾರಸ ಬಳಗದ ಅನೇಕ ಹಕ್ಕಿಗಳ ಎದೆಮೂಳೆಯ ಏಣು ಒಳಗೆ ಪೊಳ್ಳು. ಉದ್ದನೆಯ ಗಾಳಿಕೊಳವೆ ಅಲ್ಲಿ ಸುತ್ತಿಕೊಂಡಿರುತ್ತದೆ. ಆ ಪೊಳ್ಳು ಸಿಕ್ಕರೆ ಸಾರಸದ ವಾದ ಗಟ್ಟಿಯಾಗುತ್ತದೆ. ಆದರೆ ಕೆಲವು ಹಂಸಗಳಲ್ಲೂ ಅದು ಇದೆ, ಹಾಗಾಗಿ ಅವುಗಳ ಜೊತೆಗೂ ಹೋಲಿಸಿ.

ರೆಕ್ಕೆಯ ತೋಳುಮೂಳೆಯಾದರೆ ಕೆಳತುದಿಯ ಸ್ವಲ್ಪ ಮೇಲೆ ಹೊರಬದಿಯಲ್ಲಿ ಮುಳ್ಳಿನಂಥ ಚಾಚು ಇದೆಯೇ ನೋಡಿ. ಅನೇಕ ದಡದ ಹಕ್ಕಿಗಳಲ್ಲಿ ಅದು ಚೆನ್ನಾಗಿ ಬೆಳೆದಿರುತ್ತದೆ. ಕೆಲವು ಕಡಲಹಕ್ಕಿಗಳಲ್ಲೂ ಇದೆ, ಹಾಗಾಗಿ ಇದೊಂದೇ ಸಾಕ್ಷಿ ಸಾಲದು.

ಕೊಕ್ಕಿನ ತುದಿ ಸಿಕ್ಕರೆ ಮೈಕ್ರೋಸ್ಕೋಪ್ ಕೆಳಗಿಡಿ. ಕೆಸರಿನಲ್ಲಿ ಕೊಕ್ಕು ಚುಚ್ಚಿ, ಕಣ್ಣಿಗೆ ಕಾಣದ ಹುಳ ಹುಡುಕುವ ಕೆಂಬರಲು, ಉಲ್ಲಂಗಿಗಳ ಕೊಕ್ಕುಮೂಳೆಯ ತುದಿಯಲ್ಲಿ ಒತ್ತಾಗಿ ಸಣ್ಣ ಗುಂಡಿಗಳಿರುತ್ತವೆ. ಎರಡು ಬೇರೆ ಬಳಗ, ಒಂದೇ ಗುರುತು. ಕೆಲಸ ಒಂದೇ ಆದರೆ ಮೂಳೆಯೂ ಒಂದೇ ತರ ಆಗುತ್ತದೆ, ಮರೆಯಬೇಡಿ.

ಮೆಸೆಲ್‌ನ ರಿಂಕೈಟಿಸ್ ಈ ಪಾಠಕ್ಕೆ ಒಳ್ಳೆಯ ಉದಾಹರಣೆ. 1898ರಲ್ಲಿ ಮೊದಲ ಸಲ ವಿವರಿಸಿದ ಈ ಹಕ್ಕಿ ಕೆಂಬರಲು ಬಳಗದ್ದು ಎಂದು ಸರಿಯಾಗಿ ಗುರುತಾದದ್ದು 1980ರ ದಶಕದಲ್ಲಿ. ಅದರ ಕೊಕ್ಕು ಉದ್ದವಾಗಿ ಬಾಗಿತ್ತು, ಆದರೆ ಪಾದಮೂಳೆ ಇಂದಿನ ಕೆಂಬರಲುಗಳಿಗಿಂತ ಗಿಡ್ಡ. ಬರೀ ಕಾಲು ನೋಡುವವರು ಅದನ್ನು ಪಟ್ಟಿಯಿಂದಲೇ ಬಿಟ್ಟುಬಿಡುತ್ತಿದ್ದರು.

## ಹಂತ 9: ಹೋಲಿಕೆಯ ಪಟ್ಟಿ

ಒಂದು ಹಾಳೆಯಲ್ಲಿ ಎಡಕ್ಕೆ ಲಕ್ಷಣಗಳು, ಮೇಲೆ ಹಕ್ಕಿಬಳಗಗಳು. ಪ್ರತಿ ಚೌಕಕ್ಕೂ "ಇದೆ", "ಇಲ್ಲ", "ಮುರಿದಿದೆ" ಈ ಮೂರರಲ್ಲಿ ಒಂದು.

ಮೂರು ನಿಯಮ ಪಾಲಿಸಿ. ನಿಮ್ಮ ಊಹೆಯ ಬಳಗದ ಜೊತೆ ಮಾತ್ರ ಹೋಲಿಸಬೇಡಿ. ಬಾತುಕೋಳಿ, ಹುಂಡುಕೋಳಿಗಳಂಥ "ಇದಾಗಿರಲಿಕ್ಕಿಲ್ಲ" ಅನ್ನಿಸುವವನ್ನೂ ಸೇರಿಸಿ. ಒಂದು ಜಾತಿಗೆ ಒಂದೇ ಅಸ್ಥಿಪಂಜರ ನೋಡಿ ನಿಲ್ಲಿಸಬೇಡಿ. ಗಂಡು, ಹೆಣ್ಣು, ಒಂದು ಹಕ್ಕಿಗೂ ಇನ್ನೊಂದಕ್ಕೂ ವ್ಯತ್ಯಾಸ ಇರುತ್ತದೆ. ಮೂರನೆಯದು, ಲಕ್ಷಣಗಳನ್ನು ಎಣಿಸಬೇಡಿ, ತೂಗಿ. ಎಲ್ಲ ಹಕ್ಕಿಗಳಲ್ಲೂ ಇರುವ ಹಳೆಯ ಲಕ್ಷಣ ಹತ್ತು ಹೊಂದಿದರೂ ಏನೂ ಸಾಬೀತಾಗುವುದಿಲ್ಲ. ಆ ಒಂದು ಬಳಗದಲ್ಲಿ ಮಾತ್ರ ಬಂದ ಲಕ್ಷಣ ಎರಡು ಹೊಂದಿದರೆ ಮಾತು ಬೇರೆ.

ಹಳೆಯ ಪುಸ್ತಕ ಬಳಸುವಾಗ ಒಂದು ಎಚ್ಚರಿಕೆ. ಅವು ಬಕ, ಕೊಕ್ಕರೆ, ಕೆಂಬರಲುಗಳನ್ನು ಒಂದೇ ಗಣದಲ್ಲಿ ಇಟ್ಟಿರುತ್ತವೆ. ಈಗ ಬಕ, ಕೆಂಬರಲುಗಳನ್ನು ಹೆಜ್ಜಾರ್ಲೆಗಳ ಜೊತೆ ಸೇರಿಸಿದ್ದಾರೆ, ಕೊಕ್ಕರೆಗಳು ಬೇರೆ ಉಳಿದಿವೆ. ಮೂಳೆಯ ವಿವರಣೆ ಹಳೆಯದಾದರೂ ಬಳಸಿ, ತಲೆಬರಹಗಳನ್ನು ಬಿಡಿ.

## ಹಂತ 10: ಈಗ ಅಳೆಯಿರಿ

ಪೂರ್ತಿ ಉದ್ದ, ಮೇಲ್ತುದಿಯ ಅಗಲ, ಕೆಳತುದಿಯ ಅಗಲ, ಮೈಯ ಅತಿ ಕಿರಿದಾದ ಜಾಗದ ಅಗಲ ಮತ್ತು ದಪ್ಪ. ಪ್ರತಿಯೊಂದನ್ನೂ ಮೂರು ಸಲ, ಸಾಧ್ಯವಾದರೆ ಬೇರೆ ಬೇರೆ ದಿನ. ಮೂರೂ ಸಲ ಒಂದೇ ಸಂಖ್ಯೆ ಬರದಿದ್ದರೆ ಬೇಸರಿಸಬೇಡಿ, ವ್ಯತ್ಯಾಸವನ್ನೂ ಬರೆದಿಡಿ.

ಮುರಿದ ಮೂಳೆಯ "ಅಂದಾಜು ಪೂರ್ತಿ ಉದ್ದ" ಬರೆಯಬೇಡಿ. ಉಳಿದಿರುವ ಉದ್ದ ಎಷ್ಟೋ ಅಷ್ಟು.

ಹಕ್ಕಿಯ ತೂಕ ಅಂದಾಜು ಮಾಡುವ ಆಸೆ ಇದ್ದರೆ ತೊಡೆಮೂಳೆ ಅಥವಾ ಕಣಕಾಲು ಮೂಳೆಯ ಮೈಯ ಅತಿ ಕಿರಿದಾದ ಸುತ್ತಳತೆ ಬಳಸಿ. ಭಾರ ಹೊರುವುದು ಮೂಳೆಯ ದಪ್ಪ. ಮೆಟ್ಟುಗಾಲು ಹಕ್ಕಿಯ ಕಾಲಿನ ಉದ್ದದಿಂದ ತೂಕ ಹೇಳಹೊರಟರೆ ಅದು ಕೋಳಿಗಿಂತ ಭಾರ ಆಗಿಬಿಡುತ್ತದೆ!

## ಹಂತ 11: ಹೆಸರನ್ನು ಎಲ್ಲಿಗೆ ನಿಲ್ಲಿಸಬೇಕು

ಮೇಲಿನಿಂದ ಕೆಳಗೆ ಇಳಿಯಿರಿ: ಹಕ್ಕಿ, ಗಣ, ಕುಟುಂಬ, ಕುಲ, ಜಾತಿ. ಪ್ರತಿ ಮೆಟ್ಟಿಲಿಗೂ ಮುರಿಯದ ಕನಿಷ್ಠ ಒಂದು ಸ್ಪಷ್ಟ ಲಕ್ಷಣ ತೋರಿಸಬೇಕು. ತೋರಿಸಲು ಆಗದ ಮೆಟ್ಟಿಲಿಗೆ ಇಳಿಯದೆ, ಅದರ ಮೇಲಿನ ಮೆಟ್ಟಿಲಲ್ಲೇ ನಿಲ್ಲಬೇಕು. "ಕುಟುಂಬ ಗೊತ್ತು, ಕುಲ ಗೊತ್ತಿಲ್ಲ" ಎಂಬುದು ಪೂರ್ತಿ ಗೌರವದ ಉತ್ತರ. ಕುಲಕ್ಕೆ ಹತ್ತಿರ ಅನ್ನಿಸಿ ಖಾತ್ರಿ ಇಲ್ಲದಿದ್ದರೆ ಹೆಸರಿಗೆ ಮೊದಲು "ಸಿ.ಎಫ್." ಎಂದು ಹಾಕುವ ರೂಢಿ ಇದೆ. ಹೋಲಿಸಿ ನೋಡಿ ಎಂದು ಅದರ ಅರ್ಥ.

ಈ ಕೆಳಗಿನ ಯಾವುದಾದರೂ ಕಂಡರೆ ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಬಿಡಿ:

- ನಿಮ್ಮ ಇಡೀ ತೀರ್ಮಾನ ಒಂದೇ ಲಕ್ಷಣದ ಮೇಲೆ ನಿಂತಿದೆ.
- ಆ ಲಕ್ಷಣ ಹಂತ 5ರ ಕೆಂಪು ಜಾಗದ ಪಕ್ಕದಲ್ಲೇ ಇದೆ.
- ಗಾತ್ರ ತೆಗೆದುಹಾಕಿದರೆ ವಾದದಲ್ಲಿ ಏನೂ ಉಳಿಯುವುದಿಲ್ಲ.
- ಆ ಬಳಗದ ಹಕ್ಕಿ ಆ ಕಾಲದಲ್ಲಿ, ಆ ಭೂಭಾಗದಲ್ಲಿ ಬೇರೆಲ್ಲೂ ಸಿಕ್ಕಿಲ್ಲ.
- ಹ್ಯಾಗಾದರೂ ಇದು ಹೊಸ ಜಾತಿ ಆಗಲಿ ಎಂಬ ಆಸೆ ಶುರುವಾಗಿದೆ. ಇದನ್ನು ನೀವೇ ಒಪ್ಪಿಕೊಳ್ಳಬೇಕು, ಬೇರೆಯವರಿಗೆ ಕಾಣುವುದಿಲ್ಲ.

ಬದುಕಿನ ರೀತಿಯ ಬಗ್ಗೆ ಬರೆಯುವಾಗ ಇನ್ನೂ ಬಿಗಿ ಹಿಡಿಯಿರಿ. ಫ್ಲೋರೆಸ್‌ನ ಆ ದೈತ್ಯ ಕೊಕ್ಕರೆಗೆ 2010ರಲ್ಲಿ ಹೆಸರಿಟ್ಟಾಗ ಎತ್ತರ ಸುಮಾರು 1.8 ಮೀಟರ್ ಎಂದು ಅಂದಾಜಿಸಿದರು. ಭಾರವಾದ ಕಾಲುಮೂಳೆ ನೋಡಿ, ಹಾರುವುದು ಕಷ್ಟವಿದ್ದಿರಬೇಕು ಎಂದುಕೊಂಡರು. 2022ರಲ್ಲಿ ರೆಕ್ಕೆಯ ಮೂಳೆಗಳ ಅಧ್ಯಯನ ಬಂತು. ಅದು ಹಾರುತ್ತಿದ್ದಿರಬೇಕು ಎಂದಾಯಿತು. ಕಾಲಿನ ಮೂಳೆಯಿಂದ ರೆಕ್ಕೆಯ ಕಥೆ ಹೇಳಲು ಹೋದರೆ ಹೀಗೇ.

ಕೊನೆಗೆ ಚೀಟಿ ಬರೆಯಿರಿ. ಮೂಳೆ ಯಾವುದು, ಎಡವೋ ಬಲವೋ, ಪದರ, ನಂಬರ್, ಎಲ್ಲಿ ತನಕ ಗುರುತಾಯಿತು, ಯಾವ ಲಕ್ಷಣದಿಂದ, ಯಾವ ಅಸ್ಥಿಪಂಜರಗಳ ಜೊತೆ ಹೋಲಿಸಿದಿರಿ. ಇನ್ನೊಂದು ಸಾಲು ಸೇರಿಸಿ: ಯಾವ ಮೂಳೆ ಸಿಕ್ಕರೆ ಈ ತೀರ್ಮಾನ ಬದಲಾಗಬಹುದು. "ಮೇಲ್ತುದಿ ಸಿಕ್ಕರೆ ಬಕವೋ ಕೊಕ್ಕರೆಯೋ ತಿಳಿಯುತ್ತದೆ" ಎಂದು ಬರೆದಿದ್ದರೆ, ಮುಂದಿನ ಸಲ ಅದೇ ಪದರದ ಮಣ್ಣು ಜರಡಿ ಹಿಡಿಯುವವರಿಗೆ ಏನು ಹುಡುಕಬೇಕು ಎಂದು ಗೊತ್ತಿರುತ್ತದೆ.